ಹಾಡಿ, ಲೈನ್ ಮನೆ, ಪೇಟೆ: ಎಲ್ಲ ಮಕ್ಕಳನ್ನೂ ಕಂಪ್ಯೂಟರ್ ಸೈನ್ಸ್‌ಗೆ ಕರೆತರುವುದು ಹೇಗೆ? ಕೊಡಗಿನ ಪ್ರೌಢಶಾಲೆಗಳಿಗೆ ಸಮಗ್ರ ಮಾರ್ಗದರ್ಶಿ

ಶಾಲೆಯಲ್ಲಿ ಕಂಪ್ಯೂಟರ್ ಕ್ಲಬ್ ಶುರುವಾಗುತ್ತದೆ ಎಂದು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ ನೋಡಿ. ಯಾರು ಹೆಸರು ಕೊಡುತ್ತಾರೆಂದು ಮೊದಲೇ ಹೇಳಿಬಿಡಬಹುದು: ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ನಾಲ್ಕು ಹುಡುಗರು, ಗಣಿತದಲ್ಲಿ ತೊಂಬತ್ತು ದಾಟುವ ಇಬ್ಬರು ಹುಡುಗಿಯರು, ಜತೆಗೆ ಟೀಚರೊಬ್ಬರ ಮಗ. ಹಾಡಿಯಿಂದ, ಅಂದರೆ ಆದಿವಾಸಿ ಕೇರಿಯಿಂದ, ಬರುವ ಹುಡುಗಿ, ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗ, ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲ್ ರಿಪೇರಿ ಬಗ್ಗೆ ಪಿಸುಗುಡುವವನು, ಇವರ್‍ಯಾರೂ ಬರುವುದಿಲ್ಲ. ಆಸಕ್ತಿ ಇಲ್ಲವೆಂದಲ್ಲ, ಆ ಹಾಳೆ ತಮಗೂ ಅಂಟಿಸಿದ್ದು ಅಂತ ಅವರಿಗೆ ಅನ್ನಿಸಿಯೇ ಇರುವುದಿಲ್ಲ.

ಇಲ್ಲಿ ಹೇಳಿರುವುದು 8 ಮತ್ತು 9ನೇ ತರಗತಿಯ ಮಕ್ಕಳಿಗೆ, ಒಬ್ಬಿಬ್ಬರು ಶಿಕ್ಷಕರು ನಡೆಸಬಹುದಾದ ಒಂದು ವರ್ಷದ ಕೆಲಸ. ಹತ್ತು ಕಂಪ್ಯೂಟರ್ ಇದ್ದು ಅದರಲ್ಲಿ ಆರು ಮಾತ್ರ ಏಳುವ ಲ್ಯಾಬ್ ಸಾಕು. 10ನೇ ತರಗತಿಯವರನ್ನು ಬಿಟ್ಟುಬಿಡಿ. ಅವರ ತಲೆಯಲ್ಲಿ ಎಸ್ಎಸ್ಎಲ್‌ಸಿ ಬಿಟ್ಟು ಬೇರೇನೂ ಇಳಿಯುವುದಿಲ್ಲ, ಇಳಿಸಲು ಮುಖ್ಯ ಶಿಕ್ಷಕರೂ ಬಿಡುವುದಿಲ್ಲ.

ಮೊದಲು ಎಣಿಸಿ

ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಯಲ್ಲಿ ಯಾರಿದ್ದಾರೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹುಡುಗಿಯರು ಎಷ್ಟು, ಹುಡುಗರು ಎಷ್ಟು ಎಂಬುದಷ್ಟೇ ಸಾಲದು. ಯರವ, ಜೇನುಕುರುಬ, ಬೆಟ್ಟಕುರುಬ ಮಕ್ಕಳು ಎಷ್ಟು? ಲೈನ್ ಮನೆಯಿಂದ ಬರುವವರು? ಅಸ್ಸಾಂ, ಬಂಗಾಳದಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದವರು? ಹಾಸ್ಟೆಲ್‌ನವರು? ಕನ್ನಡಕ ಹಾಕಿದರೂ ಬೋರ್ಡ್ ಸರಿಯಾಗಿ ಕಾಣದವರು, ಕಿವಿ ಮಂದವಿರುವವರು? ಈ ಹಾಳೆ ನಿಮ್ಮ ಬೀರುವಿನಲ್ಲೇ ಇರಲಿ. ಗೋಡೆಗೂ ವಾಟ್ಸ್ಆ್ಯಪ್ ಗುಂಪಿಗೂ ಹೋಗಬಾರದು.

ಎಣಿಕೆ ಯಾಕೆಂದರೆ, 'ಎಲ್ಲರೂ ಬರ್ತಾರೆ ಸಾರ್' ಎಂಬ ಭಾವನೆ ಬಲು ಬೇಗ ಹುಟ್ಟುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ಹನ್ನೆರಡು ಮಂದಿ ಲೈನ್ ಮನೆಯವರು ಎಂದಿಟ್ಟುಕೊಳ್ಳಿ. ಇಪ್ಪತ್ತು ಮಂದಿಯ ಕ್ಲಬ್ಬಿನಲ್ಲಿ ಅವರು ನಾಲ್ಕು ಮಂದಿ ಇರಬೇಕು. ಒಬ್ಬನಿದ್ದರೆ ಕರೆದ ರೀತಿಯಲ್ಲಿ ತಪ್ಪಾಗಿದೆ. ಒಬ್ಬನೇ ಒಬ್ಬ ಇದ್ದಾಗ ಮೂರನೇ ವಾರಕ್ಕೆ ಅವನೂ ನಿಲ್ಲುತ್ತಾನೆ, ಪಕ್ಕದಲ್ಲಿ ಕೂರಲು ಜತೆಗಾರರಿಲ್ಲ ಎಂಬ ಸರಳ ಕಾರಣಕ್ಕೆ.

ಅಮೆರಿಕದಲ್ಲಿ ಈ ವಿಷಯದ ಮಾತು ಬಂದರೆ ಹುಡುಗಿಯರ ಕೊರತೆಯಿಂದಲೇ ಶುರುವಾಗುತ್ತದೆ. ಅಲ್ಲಿಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕಂಪ್ಯೂಟರ್ ಸೈನ್ಸ್‌ಗೆ ಸೇರುವ ಹುಡುಗಿಯರ ಪಾಲನ್ನು 1995ರ 7 ಶೇಕಡದಿಂದ 2000ದ ಹೊತ್ತಿಗೆ 42ಕ್ಕೆ ಏರಿಸಿತು. ಮೊದಲೇ ಪ್ರೋಗ್ರಾಮಿಂಗ್ ಬರಬೇಕೆಂಬ ನಿರೀಕ್ಷೆಯನ್ನು ಪ್ರವೇಶದಿಂದ ಕೈಬಿಟ್ಟದ್ದು ಅದಕ್ಕೆ ಒಂದು ಮುಖ್ಯ ಕಾರಣ. ಆ ಪಾಠ ನಮಗೂ ಬೇಕು, ಆದರೆ ಅಂಕಿಸಂಖ್ಯೆ ಹಾಗೇ ಹೊಂದುವುದಿಲ್ಲ. ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿಯರು ಕಡಿಮೆಯೇನಿಲ್ಲ. ಪೇಟೆಯ ಹುಡುಗಿ ಬರುತ್ತಾಳೆ, ಹಾಡಿಯವಳು ಬರುವುದಿಲ್ಲ. ಇಲ್ಲಿಯ ಬಿರುಕು ಅಲ್ಲಿದೆ.

ಮಳೆ, ಕೊಯ್ಲು, ಬಸ್ಸು, ಆನೆ: ಕ್ಯಾಲೆಂಡರ್ ಹಾಕುವಾಗ

ಜೂನ್‌ನಿಂದ ಆಗಸ್ಟ್‌ವರೆಗೆ ಏನನ್ನೂ ನೆಚ್ಚಿಕೊಳ್ಳಬೇಡಿ. ಮಳೆ ರಜೆ ಯಾವಾಗ ಘೋಷಣೆಯಾಗುತ್ತದೋ ತಿಳಿಯದು, ಕರೆಂಟು ಹೋದರೆ ಎರಡು ದಿನ ಬಾರದು. ಈ ಮೂರು ತಿಂಗಳನ್ನು ಎಣಿಕೆಗೆ, ಮನೆಭೇಟಿಗೆ, ಲ್ಯಾಬ್ ಒಣಗಿಸುವುದಕ್ಕೆ ಇಡಿ. ಮಕ್ಕಳ ಪಾಠ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಶುರುವಾಗಲಿ, ಡಿಸೆಂಬರ್ ಕೊನೆಗೆ ಮುಖ್ಯ ಭಾಗ ಮುಗಿಯಲಿ. ನಡುವೆ ದಸರಾ ರಜೆ, ಕಾವೇರಿ ಸಂಕ್ರಮಣ, ಸುಗ್ಗಿ ಹಬ್ಬ ಪುತ್ತರಿ ಬರುತ್ತವೆ. ಕಳೆದರೆ ಹತ್ತು ವಾರ ಕೈಗೆ ಸಿಗುತ್ತದೆ. ಜನವರಿಯಿಂದ ರೊಬಸ್ಟಾ ಕೊಯ್ಲು ಬಿರುಸಾಗುತ್ತದೆ. ಅಪ್ಪ ಅಮ್ಮನ ಜತೆ ಮಕ್ಕಳೂ ತೋಟಕ್ಕೆ ಹೋಗುವುದು, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವುದು ಶುರುವಾಗುತ್ತದೆ. ಹೊಸ ಪಾಠಕ್ಕೆ ಅದು ಕಾಲವಲ್ಲ.

ಗಂಟೆಯ ವಿಷಯ ಇನ್ನೂ ಮುಖ್ಯ. ಶಾಲೆ ಬಿಟ್ಟ ಮೇಲೆ ಕ್ಲಬ್ ಎಂದರೆ ಅರ್ಧ ಮಕ್ಕಳನ್ನು ನೀವೇ ಹೊರಗಿಟ್ಟಂತೆ. ಸಂಜೆಯ ಬಸ್ಸು ತಪ್ಪಿದರೆ ಇನ್ನೊಂದಿಲ್ಲ. ಸಿದ್ದಾಪುರ, ತಿತಿಮತಿ ಕಡೆ ತೋಟದ ದಾರಿಯಲ್ಲಿ ಕತ್ತಲಾಗುವ ಹೊತ್ತಿಗೆ ಆನೆ ಇಳಿಯುತ್ತದೆ, ಯಾವ ತಾಯಿಯೂ ಮಗಳನ್ನು ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಆದ್ದರಿಂದ ವೇಳಾಪಟ್ಟಿಯೊಳಗೇ ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಕೇಳಿ. ನಲವತ್ತು ನಿಮಿಷದ ಒಂದೇ ಪೀರಿಯಡ್ ಸಾಲದು. ಸಾಲಾಗಿ ಬಂದು ಕೂತು ಯಂತ್ರ ಏಳುವಷ್ಟರಲ್ಲಿ ಹದಿನೈದು ನಿಮಿಷ ಹೋಗಿರುತ್ತದೆ. ಎಂಬತ್ತು ನಿಮಿಷ ಸಿಕ್ಕರೆ ಕೆಲಸವಾಗುತ್ತದೆ. ಪಿಟಿ ಪೀರಿಯಡ್ ಮಾತ್ರ ಕಸಿಯಬೇಡಿ. ಕೊಡಗಿನಲ್ಲಿ ಹಾಕಿ ಆಟ ಬಿಡಿಸಿ ಕಂಪ್ಯೂಟರ್ ಕಲಿಸಲು ಹೊರಟವರಿಗೆ ಮೊದಲ ದಿನವೇ ಸೋಲು.

ಕರೆಯುವುದು: ಹೆಸರು ಹಿಡಿದು, ಇಬ್ಬಿಬ್ಬರನ್ನು

'ಆಸಕ್ತಿ ಇರುವವರು ಕೈ ಎತ್ತಿ' ಎಂದು ಕೇಳಬೇಡಿ. ಅಂಕ ನೋಡಿಯೂ ಆರಿಸಬೇಡಿ. ಮೊದಲ ನಾಲ್ಕು ವಾರ ಇಡೀ ತರಗತಿಗೆ ಮಾಡಿ. ಆಯ್ಕೆ ಎಂಬ ಮಾತೇ ಬೇಡ. ಆ ನಾಲ್ಕು ವಾರದಲ್ಲಿ ನಿಮ್ಮ ಕೆಲಸ ಗಮನಿಸುವುದು. ಯಾರು ತಪ್ಪು ಹುಡುಕಲು ಹಟ ಹಿಡಿಯುತ್ತಾರೆ, ಯಾರು ಪಕ್ಕದವರಿಗೆ ಬಿಡಿಸಿ ಹೇಳುತ್ತಾರೆ, ಯಾರು 'ಹೀಗೆ ಮಾಡಿದರೆ ಏನಾಗ್ತದೆ ಮಿಸ್?' ಎಂದು ಕೇಳುತ್ತಾರೆ, ಬರೆದಿಟ್ಟುಕೊಳ್ಳಿ.

ಐದನೇ ವಾರ ಒಬ್ಬೊಬ್ಬರನ್ನೇ ಕರೆದು, ಕಂಡದ್ದನ್ನು ಹೇಳಿ. 'ನೀನು ಜಾಣೆ' ಎನ್ನುವುದು ಪ್ರಯೋಜನಕ್ಕಿಲ್ಲ, ಎಲ್ಲರಿಗೂ ಹೇಳುವ ಮಾತದು. 'ಮೊನ್ನೆ ಡಬ್ಬಿ ತೂಗುವಾಗ ಎಲ್ಲವನ್ನೂ ತೂಗಬೇಕಿಲ್ಲ ಅಂತ ನೀನೇ ಕಂಡುಹಿಡಿದೆಯಲ್ಲ, ಅದನ್ನೇ ಕಂಪ್ಯೂಟರ್‌ಗೆ ಹೇಳಿಕೊಡೋದು, ಬಾ' ಎಂದರೆ (ಈ ಡಬ್ಬಿ ಆಟ ಮುಂದೆ ಬರುತ್ತದೆ) ಅವಳಿಗೆ ನಂಬಿಕೆ ಬರುತ್ತದೆ. ಜತೆಗೆ ಅವಳ ಗೆಳತಿಯನ್ನೂ ಕರೆಯಿರಿ. ಒಂದೇ ಹಾಡಿಯಿಂದ, ಒಂದೇ ಲೈನಿನಿಂದ ಇಬ್ಬರಾದರೂ ಇರಬೇಕು. ದಾರಿಗೂ ಜತೆ, ಬೆಂಚಿಗೂ ಜತೆ.

ಕೋಣೆಯನ್ನೂ ಒಮ್ಮೆ ಕಣ್ಣಾಡಿಸಿ. ಸಪ್ನಾ ಚೆರಿಯನ್ ಎಂಬ ಮನೋವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಜ್ಞಾನಕಥೆಯ ಪೋಸ್ಟರ್, ವಿಡಿಯೊ ಗೇಮ್ ತುಂಬಿದ ಕೋಣೆ ನೋಡಿದ ಹುಡುಗಿಯರಿಗೆ ಕಂಪ್ಯೂಟರ್ ಸೈನ್ಸ್ ಮೇಲಿನ ಒಲವು ಕಡಿಮೆಯಾಯಿತು; ಸಾಧಾರಣ ಕೋಣೆ ಕಂಡವರಿಗೆ ಹಾಗಾಗಲಿಲ್ಲ. ನಮ್ಮ ಲ್ಯಾಬ್‌ಗಳ ಗೋಡೆಯಲ್ಲಿ ಇರುವುದು 'ಮುಟ್ಟಬೇಡಿ', 'ಚಪ್ಪಲಿ ಹೊರಗೆ ಬಿಡಿ', 'ಅನುಮತಿ ಇಲ್ಲದೆ ಪ್ರವೇಶವಿಲ್ಲ'. ಚಪ್ಪಲಿಯ ಬೋರ್ಡ್ ಇರಲಿ, ಕೆಸರಿನ ಊರು. ಉಳಿದೆರಡನ್ನು ಕಿತ್ತುಹಾಕಿ.

ಕಂಪ್ಯೂಟರ್ ಇಲ್ಲದ ನಾಲ್ಕು ವಾರ

ಯಂತ್ರದ ಮುಂದೆ ಕೂತೊಡನೆ ಮನೆಯಲ್ಲಿ ಯಂತ್ರ ಇರುವವರು ಮುಂದೆ ಓಡುತ್ತಾರೆ, ಮೌಸ್ ಹಿಡಿಯದವರು ಕೈ ಹಿಂದೆಳೆದುಕೊಳ್ಳುತ್ತಾರೆ. ಅದಕ್ಕೇ ಶುರು ಕಾರ್ಡಿನಲ್ಲಿ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಸಂಗಡಿಗರು 'ಅನ್‌ಪ್ಲಗ್ಡ್' ಹೆಸರಿನಲ್ಲಿ ಬೆಳೆಸಿದ ಚಟುವಟಿಕೆಗಳಿವೆ. ಮೊದಲ ಮೂರು ವಾರಕ್ಕೆ ಅದೇ ಬಗೆಯವನ್ನು ನಮ್ಮ ಸಾಮಾನಿನಲ್ಲಿ ಮಾಡಬಹುದು. ಇಲ್ಲಿ ಯಾರಿಗೂ ಮುಂಚೆ ಬರುವುದಿಲ್ಲ, ಎಲ್ಲರೂ ಒಂದೇ ಗೆರೆಯಲ್ಲಿ ನಿಂತಿರುತ್ತಾರೆ.

ಮೊದಲ ವಾರ, ಎರಡರ ಎಣಿಕೆ, ಅಂದರೆ ಬೈನರಿ. ಐದು ರಟ್ಟಿನ ಮೇಲೆ 16, 8, 4, 2, 1 ಚುಕ್ಕಿ ಇಡಿ. ಐದು ಮಕ್ಕಳು ಸಾಲಾಗಿ ನಿಂತು ರಟ್ಟನ್ನು ತೋರಿಸಬೇಕು ಇಲ್ಲವೇ ಮರೆಮಾಡಬೇಕು. '19 ಮಾಡಿ' ಎಂದರೆ 16, 2, 1 ಕಾಣಬೇಕು; ಕಂಡದ್ದು 1, ಮರೆಯಾದದ್ದು 0, ಅದೇ 10011. ನಂತರ ಪ್ರತಿಯೊಬ್ಬರೂ ತಮ್ಮ ಹುಟ್ಟಿದ ತಾರೀಖನ್ನು ಬೆರಳಿನಲ್ಲಿ ತೋರಿಸಲಿ. ಒಂದೇ ಕೈಯಲ್ಲಿ 31ರವರೆಗೆ ಹೋಗುತ್ತದೆ, ತಿಂಗಳಿಗೆ ಸರಿಯಾಗಿ ಸಾಕು. ಇಲ್ಲಿ ಆಗುವ ತಪ್ಪು: ದೊಡ್ಡ ಸಂಖ್ಯೆಯ ರಟ್ಟನ್ನು ನೋಡುವವರ ಬಲಕ್ಕೆ ನಿಲ್ಲಿಸಿಬಿಡುವುದು. ಮಕ್ಕಳು ನೋಡುವವರಿಗೆ ಎದುರಾಗಿ ನಿಂತಾಗ ಎಡ ಬಲ ಅದಲುಬದಲಾಗುತ್ತದೆ. ನೆಲದಲ್ಲಿ ಸೀಮೆಸುಣ್ಣದಿಂದ ಜಾಗ ಗುರುತಿಸಿ.

ಎರಡನೇ ವಾರ, ತಪ್ಪು ಹಿಡಿಯುವ ಜಾದೂ. ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದು ಮುಖಕ್ಕೆ ಬಣ್ಣ ಹಚ್ಚಿ 36 ಕಾರ್ಡ್ ಮಾಡಿಕೊಳ್ಳಿ. ಒಬ್ಬಳಿಗೆ 25 ಕಾರ್ಡನ್ನು ಐದೈದರ ಸಾಲಿನಲ್ಲಿ ಮನಸ್ಸಿಗೆ ಬಂದಂತೆ ಹರಡಲು ಹೇಳಿ. 'ಇಷ್ಟು ಸುಲಭ ಬೇಡ' ಎನ್ನುತ್ತಾ ನೀವು ಇನ್ನೊಂದು ಕಂಬಸಾಲು, ಇನ್ನೊಂದು ಅಡ್ಡಸಾಲು ಸೇರಿಸಿ. ಆದರೆ ಪ್ರತಿ ಸಾಲಿನಲ್ಲೂ ಬಣ್ಣದ ಕಾರ್ಡು ಸಮಸಂಖ್ಯೆಯಲ್ಲಿರುವಂತೆ ನೋಡಿಕೊಳ್ಳಿ. ನೀವು ಗೋಡೆಗೆ ಮುಖ ಮಾಡಿದಾಗ ಯಾರಾದರೂ ಒಂದು ಕಾರ್ಡ್ ತಿರುಗಿಸಲಿ. ಬೆಸ ಬಂದ ಅಡ್ಡಸಾಲು, ಬೆಸ ಬಂದ ಕಂಬಸಾಲು ಎಲ್ಲಿ ಕೂಡುತ್ತವೋ ಅದೇ ಆ ಕಾರ್ಡು. ತರಗತಿ ಹುಯಿಲೆಬ್ಬಿಸುತ್ತದೆ. ತಕ್ಷಣ ಗುಟ್ಟು ಬಿಡಬೇಡಿ. ಮೂರು ಸಲ ಮಾಡಿ, ಅವರೇ ಕಂಡುಹಿಡಿಯಲಿ. ಇಬ್ಬರು ಸೇರಿ ಎರಡು ಕಾರ್ಡು ತಿರುಗಿಸಿ ನಿಮ್ಮನ್ನು ಬೀಳಿಸಲು ನೋಡುತ್ತಾರೆ. ಬೀಳಿರಿ! ಎರಡೂ ಒಂದೇ ಸಾಲಿನಲ್ಲಿದ್ದರೆ ಆ ಸಾಲು ಮತ್ತೆ ಸಮವಾಗುತ್ತದೆ: ಏನೋ ತಪ್ಪಿದೆ ಎಂದು ತಿಳಿಯುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ. ಈ ಮಿತಿಯನ್ನು ಮಕ್ಕಳೇ ಮಾತಿನಲ್ಲಿ ಹೇಳಿದರೆ ಆ ದಿನದ ಪಾಠ ಮುಗಿದಂತೆ.

ಅದರ ಬೆನ್ನಿಗೇ ಬಿಸ್ಕತ್ತಿನ ಪೊಟ್ಟಣ. ಬಾರ್‌ಕೋಡ್ ಕೆಳಗಿನ 13 ಅಂಕಿಗಳಲ್ಲಿ ಕೊನೆಯದು ಕಾವಲುಗಾರ. ಎಡದಿಂದ ಮೊದಲ ಹನ್ನೆರಡನ್ನು ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿಸಿ. ಆ ಮೊತ್ತವನ್ನು ಹತ್ತರ ಗುಣಕಕ್ಕೆ ಮುಟ್ಟಿಸಲು ಬೇಕಾದ ಅಂಕಿಯೇ ಕೊನೆಯದು. 890123456789 ತೆಗೆದುಕೊಂಡರೆ ಮೊತ್ತ 130, ಆದ್ದರಿಂದ ಕೊನೆಯ ಅಂಕಿ 0. ಭಾರತದಲ್ಲಿ ನೋಂದಾಯಿಸಿದ ಸರಕಿನ ಸಂಖ್ಯೆ 890ರಿಂದ ಶುರುವಾಗುತ್ತದೆಂದು ಹೇಳಿ ಕಳಿಸಿದರೆ ಮರುದಿನ ಅಂಗಡಿಯ ಅರ್ಧ ಖಾಲಿ ಪೊಟ್ಟಣಗಳು ತರಗತಿಗೆ ಬಂದಿರುತ್ತವೆ. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥದೇ ಕಾವಲುಗಾರ, ಲೆಕ್ಕದ ವಿಧಾನ ಬೇರೆ. ಯಾರ ಆಧಾರ್ ಸಂಖ್ಯೆಯನ್ನೂ ಬೋರ್ಡಿನ ಮೇಲೆ ಬರೆಸಬೇಡಿ.

ಮೂರನೇ ವಾರ, ತಕ್ಕಡಿ. ಒಂದೇ ಥರದ ಎಂಟು ಡಬ್ಬಿಗಳಲ್ಲಿ ಬೇರೆ ಬೇರೆ ತೂಕದ ಮರಳು ತುಂಬಿ ಮುಚ್ಚಿ. ಎರಡು ತಟ್ಟೆಯ ತಕ್ಕಡಿಯಿಂದ ಹಗುರದಿಂದ ಭಾರಕ್ಕೆ ಜೋಡಿಸಬೇಕು, ಎಷ್ಟು ಸಲ ತೂಗಿದೆವೆಂದು ಎಣಿಸಬೇಕು. ಪ್ರತಿ ಸಲವೂ ಅತಿ ಹಗುರದ್ದನ್ನು ಹುಡುಕಿ ತೆಗೆಯುತ್ತಾ ಹೋದರೆ 28 ಸಲ. ಎರಡೆರಡು ಜೋಡಿಸಿ, ಜೋಡಿಗಳನ್ನು ನಾಲ್ಕಾಗಿ ಬೆರೆಸಿ, ನಾಲ್ಕನ್ನು ಎಂಟಾಗಿ ಬೆರೆಸಿದರೆ ಹೆಚ್ಚೆಂದರೆ 17. ಡಬ್ಬಿಗಳ ತೂಕದಲ್ಲಿ ತಲಾ 20 ಗ್ರಾಂ ವ್ಯತ್ಯಾಸವಾದರೂ ಇರಲಿ, ಇಲ್ಲದಿದ್ದರೆ ಹಳೆಯ ತಕ್ಕಡಿ ಸುಳ್ಳು ಹೇಳುತ್ತದೆ, ಮಕ್ಕಳು ಜಗಳಕ್ಕೆ ಬೀಳುತ್ತಾರೆ. ಕಾಫಿ, ಮೆಣಸು ತೂಗುವುದನ್ನು ನೋಡಿ ಬೆಳೆದವರಿಗೆ ಈ ವಾರ ನಿಮಗಿಂತ ಚೆನ್ನಾಗಿ ಬರುತ್ತದೆ.

ನಾಲ್ಕನೇ ವಾರಕ್ಕೆ ಬೆಬ್ರಾಸ್ ಮಾದರಿಯ ಒಗಟುಗಳು. 2004ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿದ ಸ್ಪರ್ಧೆ ಇದು, ಭಾರತದಲ್ಲೂ ನಡೆಯುತ್ತದೆ, ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ.

ಲ್ಯಾಬ್ ಒಣಗಿಸುವುದು

ಕೊಡಗಿನಲ್ಲಿ ಕಂಪ್ಯೂಟರ್‌ಗೆ ವೈರಸ್‌ಗಿಂತ ದೊಡ್ಡ ಶತ್ರು ಶೀತ, ಅಂದರೆ ತೇವ. 'ಕೆಟ್ಟಿದೆ' ಎಂದು ಮೂಲೆಗೆ ಸರಿಸಿದ ಯಂತ್ರಗಳಲ್ಲಿ ಕೆಲವಾದರೂ ಅರ್ಧ ಗಂಟೆಯ ಕೆಲಸಕ್ಕೆ ಏಳುತ್ತವೆ.

ಆನ್ ಮಾಡಿದಾಗ ಬೀಪ್ ಬಂದು ಪರದೆ ಕಪ್ಪಾಗಿಯೇ ಇದ್ದರೆ ಮೊದಲು ಮೆಮೊರಿ ಪಟ್ಟಿ, ಅಂದರೆ ರ್‍ಯಾಮ್ ನೋಡಿ. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದು, ರ್‍ಯಾಮ್ ಪಟ್ಟಿ ತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆಯ ಕೊಂಡಿ ಟಕ್ ಎನ್ನುವವರೆಗೆ ಒತ್ತಿ. ಗಡಿಯಾರ ಹಳೆಯ ವರ್ಷ ತೋರಿಸುತ್ತಾ, ಎಲ್ಲ ವೆಬ್‌ಸೈಟೂ 'ಸುರಕ್ಷಿತವಲ್ಲ' ಎನ್ನುತ್ತಿದ್ದರೆ ಇಂಟರ್ನೆಟ್ ಕೆಟ್ಟಿಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿದೆ. ತಾರೀಖು ತಪ್ಪಿದಾಗ ವೆಬ್‌ಸೈಟಿನ ಪ್ರಮಾಣಪತ್ರದ ಅವಧಿ ಹೊಂದುವುದಿಲ್ಲ, ಬ್ರೌಸರ್ ಬಾಗಿಲು ಹಾಕುತ್ತದೆ. ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಮಳೆಗಾಲದಲ್ಲಿ ಪ್ರತಿ ಯಂತ್ರವನ್ನೂ ವಾರಕ್ಕೆ ಎರಡು ಸಲ ಒಂದು ಗಂಟೆ ಓಡಿಸಿ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಮೇಜು ಗೋಡೆಯಿಂದ ಒಂದು ಗೇಣು ದೂರವಿರಲಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ; ಹಳೆಯ ಹತ್ತಿ ಪಂಚೆ ಮೇಲು. ಯುಪಿಎಸ್ ಬ್ಯಾಟರಿಯನ್ನು ಖಾಲಿ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ಗಿನ ಜತೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ. ಈ ಕೆಲಸವನ್ನೆಲ್ಲ ಮಕ್ಕಳ ಕೈಯಲ್ಲೇ ಮಾಡಿಸಿ. ಹಿಂದಿನ ಬೆಂಚಿನ ಮೊಬೈಲ್ ರಿಪೇರಿಯವನು ಕ್ಲಬ್ಬಿಗೆ ಬರುವುದು ಈ ಬಾಗಿಲಿನಿಂದ. ಸ್ಕ್ರೂಡ್ರೈವರ್ ಹುಡುಗಿಯರ ಕೈಗೂ ಹೋಗುವಂತೆ ನೋಡಿ. ಹೇಳದಿದ್ದರೆ ಅವರ ಪಾಲಿಗೆ ಬಟ್ಟೆಯಲ್ಲಿ ಒರೆಸುವ ಕೆಲಸ ಮಾತ್ರ ಬರುತ್ತದೆ.

ಯಂತ್ರದ ಮುಂದೆ ಇಬ್ಬರು

ಆರು ಕಂಪ್ಯೂಟರ್, ಹನ್ನೆರಡು ಮಕ್ಕಳು. ಉಳಿದವರು ಪಕ್ಕದ ಕೋಣೆಯಲ್ಲಿ ಕಾರ್ಡಿನ ಕೆಲಸ ಮಾಡಲಿ, ನಲವತ್ತು ನಿಮಿಷಕ್ಕೆ ಅದಲುಬದಲು. ಒಬ್ಬರು ಕೀಬೋರ್ಡ್ ಹಿಡಿಯುವವರು, ಇನ್ನೊಬ್ಬರು ದಾರಿ ಹೇಳುವವರು. ಎಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಿ. ದಾರಿ ಹೇಳುವವರು ಮೌಸ್ ಮುಟ್ಟುವಂತಿಲ್ಲ ಎಂಬ ನಿಯಮ ಕಟ್ಟುನಿಟ್ಟಾಗಿರಲಿ. ಗಂಟೆ ಇಲ್ಲದಿದ್ದರೆ ಬಲ್ಲವನೇ ನಲವತ್ತು ನಿಮಿಷವೂ ಕೀಬೋರ್ಡ್ ಬಿಡುವುದಿಲ್ಲ, ಪಕ್ಕದವಳು ಬರೀ ನೋಡುವವಳಾಗಿ ಉಳಿಯುತ್ತಾಳೆ. ಒಬ್ಬನೇ ಚುರುಕಾಗಿ ಮುಗಿಸಿ ಎಲ್ಲರಿಗೂ ಉತ್ತರ ಕೂಗುತ್ತಿದ್ದರೆ ಗದರಬೇಡಿ, ಅವನಷ್ಟೇ ಬಲ್ಲವರ ಜತೆ ಕೂರಿಸಿ, ಗಟ್ಟಿ ಲೆಕ್ಕ ಕೊಡಿ.

ಸಾಫ್ಟ್‌ವೇರ್ ಎರಡು ಸಾಕು. 4 ಜಿಬಿ ರ್‍ಯಾಮ್ ಇದ್ದರೆ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ, ಇಂಟರ್ನೆಟ್ ಇಲ್ಲದೆ ನಡೆಯುವ ಸ್ಕ್ರ್ಯಾಚ್ ಆ್ಯಪ್. ಅದಕ್ಕಿಂತ ಹಳೆಯ ಯಂತ್ರದಲ್ಲಿ ಅದು ತೆವಳುತ್ತದೆ, ಅಲ್ಲಿ ಥೋನಿ ಹಾಕಿ, ಆದೇಶಗಳನ್ನು ಬರೆದೇ ಕೊಡುವ ಭಾಷೆಯಾದ ಪೈಥಾನ್‌ಗೆ ಹೋಗಿ. ಥೋನಿಯೊಳಗೇ ಪೈಥಾನ್ ಇರುತ್ತದೆ. ಪೆನ್‌ಡ್ರೈವಿನಲ್ಲಿ ಒಮ್ಮೆ ತಂದರೆ ಮುಗಿಯಿತು.

ಮೊದಲ ಪಾಠ, ಪರದೆಯ ಮೇಲೆ ಗೆರೆ ಎಳೆಯುತ್ತಾ ನಡೆಯುವ ಆಮೆಯದು. ಆಮೆಗೆ 100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಇದನ್ನೇ ನಾಲ್ಕು ಸಲ ಎಂದರೆ ಚೌಕ. ಈಗ 'ತ್ರಿಕೋನ ಮಾಡಿ' ಎನ್ನಿ. ಮಕ್ಕಳಲ್ಲಿ ಹೆಚ್ಚಿನವರು 60 ಎಂದು ಕೊಡುತ್ತಾರೆ. ಗಣಿತದಲ್ಲಿ ಸಮಬಾಹು ತ್ರಿಕೋನದ ಕೋನ 60 ಎಂದೇ ಓದಿದ್ದಾರೆ. ಪರದೆಯಲ್ಲಿ ಬರುವುದು ಮುಚ್ಚದ ಬಟ್ಟಲಿನಂಥ ಆಕೃತಿ, ಆರು ಮೂಲೆಯ ಚಿತ್ರದ ಅರ್ಧ. ಈ ತಪ್ಪು ಚಿನ್ನದಂಥದು, ಕೂಡಲೇ ತಿದ್ದಬೇಡಿ. ಒಬ್ಬಳನ್ನು ನೆಲದ ಮೇಲೆ ಬರೆದ ತ್ರಿಕೋನದ ಅಂಚಿನಲ್ಲಿ ನಡೆಸಿ. ಮೂಲೆಗೆ ಬಂದಾಗ ಎಷ್ಟು ತಿರುಗಬೇಕಾಯಿತು? ಒಳಗಿನ ಕೋನವನ್ನಲ್ಲ, ಹೊರಗಿನ 120 ಡಿಗ್ರಿಯನ್ನು. ಪೂರ್ತಿ ಸುತ್ತು ಬಂದರೆ ಒಟ್ಟು 360. ಇದು ಕಾಲಿಗೆ ತಿಳಿದ ಮೇಲೆ ಅವರೇ ಆರು ಮೂಲೆಗೆ 60, ಎಂಟಕ್ಕೆ 45 ಎನ್ನುತ್ತಾರೆ. ಐದು ಮೂಲೆಯ ನಕ್ಷತ್ರಕ್ಕೆ 144 ಯಾಕೆ ಎಂದು ಮನೆಗೆ ಕಳಿಸಿ: ಆಮೆ ಎರಡು ಸುತ್ತು ಸುತ್ತುತ್ತದೆ, 720ನ್ನು ಐದರಿಂದ ಭಾಗಿಸಿ.

ಕಣ್ಣು ಕಾಣದ ಮಕ್ಕಳಿಗೆ ಸ್ಕ್ರ್ಯಾಚ್ ಬ್ಲಾಕ್‌ಗಳು ನಡೆಯುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ಕನ್ನಡವನ್ನೂ ಓದುತ್ತದೆ, ಅವರನ್ನು ನೇರ ಪೈಥಾನ್ ಪಠ್ಯಕ್ಕೆ ಕೂರಿಸಿ.

ಭಾಷೆಯ ಗೋಡೆ

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬ ನುಡಿ, ಮಲಯಾಳ, ಬ್ಯಾರಿ, ತುಳು, ಶಾಲೆಯಲ್ಲಿ ಕನ್ನಡ, ಕಂಪ್ಯೂಟರ್‌ನಲ್ಲಿ ಇಂಗ್ಲಿಷ್. ಮೂರನೇ ಮೆಟ್ಟಿಲಲ್ಲಿ ಮಗು ಎಡವಿದರೆ ಕಂಪ್ಯೂಟರ್ ಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ಮೊದಲ ತಿಂಗಳಿಗೆ ಇಂಗ್ಲಿಷ್ ಪದ ಹದಿನೈದು ಸಾಕು: ಫಾರ್, ಇಫ್, ಎಲ್ಸ್, ಪ್ರಿಂಟ್, ಇನ್‌ಪುಟ್ ಇತ್ಯಾದಿ. ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಉಳಿದದ್ದನ್ನು ಕನ್ನಡದಲ್ಲೇ ಬರೆಯಬಹುದು. ಪೈಥಾನ್ 3ರಲ್ಲಿ 'ಮಳೆ', 'ಬೆಲೆ' ಎಂದು ಚರಗಳಿಗೆ ಕನ್ನಡ ಹೆಸರಿಡಲು ಬರುತ್ತದೆ. ಎರಡು ಕಡೆ ಎಡವುತ್ತೀರಿ. ಹೆಸರಿನೊಳಗೆ ಕಾಣದ ಜೋಡಕ್ಷರ ಚಿಹ್ನೆ ಸೇರಿಕೊಂಡರೆ, ಅಂದರೆ 'ರ್‍ಯ' ಬರೆಯುವಾಗ ನುಸುಳುವಂಥದು, ಪೈಥಾನ್ ದೋಷ ತೋರಿಸುತ್ತದೆ, ಕಣ್ಣಿಗೆ ಕಾರಣ ಕಾಣುವುದಿಲ್ಲ. ಇನ್ನೊಂದು, ೧೨ ಎಂದು ಕೋಡಿನಲ್ಲಿ ನೇರ ಬರೆದರೆ ಒಪ್ಪುವುದಿಲ್ಲ; ಬಳಕೆದಾರ ೧೨ ಎಂದು ಟೈಪಿಸಿದ್ದನ್ನು 'ಇಂಟ್' ಮೂಲಕ ಹಾಯಿಸಿದರೆ ಮಾತ್ರ 12 ಎಂದೇ ತೆಗೆದುಕೊಳ್ಳುತ್ತದೆ.

ಒಂದು ಪೀರಿಯಡ್ ಪೂರ್ತಿ ಇದಕ್ಕೇ ಕೊಡಿ: 'ಕೊಡಗು' ಪದದ ಉದ್ದ ಎಷ್ಟು? ಮಕ್ಕಳು ಮೂರು ಎನ್ನುತ್ತಾರೆ. ಪೈಥಾನ್ ಐದು ಎನ್ನುತ್ತದೆ: ಕ, ಒತ್ವದ ಚಿಹ್ನೆ, ಡ, ಗ, ಉತ್ವದ ಚಿಹ್ನೆ. 'ಪುತ್ತರಿ' ನಮಗೆ ಮೂರು, ಅದಕ್ಕೆ ಏಳು. ಯುನಿಕೋಡ್ (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅಂದರೇನು ಎಂದು ಆಮೇಲೆ ವಿವರಿಸುವುದೇ ಬೇಕಿಲ್ಲ. ಇಂಗ್ಲಿಷ್ ಮಾಧ್ಯಮದವರಿಗಿಂತ ಕನ್ನಡ ಮಾಧ್ಯಮದವರು ಮುಂದೆ ನಿಲ್ಲುವ ಅಪರೂಪದ ಪಾಠವಿದು.

ಊರಿನ ಲೆಕ್ಕ

ಅಂಗಡಿ ಬಿಲ್ಲು, ಕ್ರಿಕೆಟ್ ಸ್ಕೋರು ಬಿಟ್ಟು ಮಳೆ ಹಿಡಿಯಿರಿ. ಕೊಡಗಿನ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ತೋಟದವರನ್ನು ಕೇಳಿ ಹಳೆಯ ಮಳೆ ಪುಸ್ತಕದ ಒಂದು ವರ್ಷ ನಕಲು ಮಾಡಿಕೊಳ್ಳಿ. ಶಾಲೆಯಲ್ಲೂ ನೆಟ್ಟಗಿನ ಗೋಡೆಯ ಡಬ್ಬಿಯೊಂದನ್ನು ಮರ, ಸೂರಿನಿಂದ ದೂರ ಇಟ್ಟು ದಿನಾ ಬೆಳಗ್ಗೆ 8:30ಕ್ಕೆ ಸ್ಕೇಲಿನಲ್ಲಿ ಅಳೆಯಿರಿ. ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದೂ ಅದೇ ಹೊತ್ತಿಗೆ.

ಇಲ್ಲಿ ಒಂದು ತಪ್ಪು ಆಗಿಯೇ ಆಗುತ್ತದೆ. ಭಾನುವಾರ ಯಾರೂ ಅಳೆಯಲಿಲ್ಲ, ಪುಸ್ತಕದಲ್ಲಿ ಸೊನ್ನೆ ಬರೆದರು. ಸೋಮವಾರದ ಡಬ್ಬಿಯಲ್ಲಿ ಎರಡು ದಿನದ ನೀರಿದೆ. ಗ್ರಾಫ್ ಹಾಕಿದರೆ ಪ್ರತಿ ಭಾನುವಾರ ಬಿಸಿಲು, ಪ್ರತಿ ಸೋಮವಾರ ಜಡಿಮಳೆ! ಖಾಲಿ ಬೇರೆ, ಸೊನ್ನೆ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಇಲ್ಲ.

ಕಾಫಿ ಲೆಕ್ಕವೂ ಚೆನ್ನ, ಆದರೆ ಯಾರ ಲೆಕ್ಕ ಎಂದು ಯೋಚಿಸಿ. ಐವತ್ತು ಕೆಜಿ ಚೆರ್ರಿ ಚೀಲದಲ್ಲಿ 26 ಕೆಜಿ ಬೀಜ ಬಂದರೆ ಓಟಿ (ಔಟ್‌ಟರ್ನ್) 26, ಅದನ್ನು ದರದಿಂದ ಗುಣಿಸಿದರೆ ಚೀಲದ ಬೆಲೆ. ಇದು ತೋಟ ಇರುವ ಮನೆಯ ಮಕ್ಕಳಿಗೆ ಗೊತ್ತು. ದಿನಕ್ಕೆ ಎಷ್ಟು ಕೆಜಿ ಕೊಯ್ದರೆ ಎಷ್ಟು ಕೂಲಿ, ನಿಗದಿಗಿಂತ ಹೆಚ್ಚು ಕೊಯ್ದರೆ ಮೇಲೆಷ್ಟು ಎಂಬುದು ಲೈನ್ ಮನೆ ಮಕ್ಕಳಿಗೆ ಬಾಯಿಪಾಠ. 'ಇಫ್' ಕಲಿಸಲು ಇದೇ ಮೇಲು. ಎರಡನ್ನೂ ತನ್ನಿ. ಅಂಕಿ ಮಾತ್ರ ಕಲ್ಪಿತವಾಗಿರಲಿ: ಯಾರ ಮನೆಯ ಆದಾಯವೂ ತರಗತಿಯಲ್ಲಿ ಬಯಲಾಗಬಾರದು. ಮಾಲೀಕರ ಮಗ, ಕೊಯ್ಯುವವರ ಮಗಳು ಒಂದೇ ಬೆಂಚಿನಲ್ಲಿರುತ್ತಾರೆ.

ಮೊಬೈಲಿನಲ್ಲಿ ಹೋಮ್‌ವರ್ಕ್ ಕಳಿಸಬೇಡಿ. ಮನೆಗೆ ಒಂದೇ ಫೋನಿದ್ದು ಅದು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿರುತ್ತದೆ.

ಮನೆಯವರ ಜತೆ ಮಾತು, ಎಸ್ಎಸ್ಎಲ್‌ಸಿ ನಂತರದ ದಾರಿ

ಶಾಲೆಗೆ ಸಭೆ ಕರೆದರೆ ಕೂಲಿ ಬಿಟ್ಟು ಬರಬೇಕು, ಸಂತೆಯ ದಿನ ಕರೆದರೆ ಯಾರೂ ಬರುವುದಿಲ್ಲ. ನೀವೇ ಹೋಗಿ. ಲೈನಿಗೆ ಹೋಗುವ ಮೊದಲು ತೋಟದ ರೈಟರ್‌ಗೋ ಮೇಸ್ತ್ರಿಗೋ ತಿಳಿಸಿ, ಹಾಡಿಗೆ ಹೋಗುವಾಗ ಅಲ್ಲಿಯ ಹಿರಿಯರಿಗೆ ಮೊದಲು ಹೇಳಿ. ಅಮ್ಮಂದಿರು ಕೇಳುವ ಪ್ರಶ್ನೆ ಮೂರೇ: ಎಷ್ಟು ಖರ್ಚು, ಎಲ್ಲಿ ಇರಬೇಕು, ಜತೆಗೆ ಯಾರು. ಬೆಂಗಳೂರಿನ ಸಂಬಳದ ಕಥೆ ಅಲ್ಲಿ ಬೇಡ, ಹೆದರಿಸುತ್ತದೆ.

ಹೇಳಬೇಕಾದ್ದು ಇಷ್ಟು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಲು ವಿಜ್ಞಾನದ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್) ಇದೆ, ವಾಣಿಜ್ಯದಲ್ಲಿ ಸಿಇಬಿಎ (ಕಂಪ್ಯೂಟರ್, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ಇದೆ. ಯಾವ ಕಾಲೇಜಿನಲ್ಲಿ ಯಾವುದಿದೆ ಎಂದು ಮೊದಲೇ ವಿಚಾರಿಸಿ. ಕಂಪ್ಯೂಟರ್ ಬದಲು ಜೀವಶಾಸ್ತ್ರ ಇರುವ ಪಿಸಿಎಂಬಿ ತೆಗೆದುಕೊಂಡವರಿಗೂ ಮುಂದೆ ಕಂಪ್ಯೂಟರ್ ಸೈನ್ಸ್ ಬಿಇ ಬಾಗಿಲು ತೆರೆದೇ ಇರುತ್ತದೆ. ಅದು ಮುಚ್ಚುವುದು ಗಣಿತ ಬಿಟ್ಟಾಗ. ಪಿಯುಸಿ ಬೇಡವೆನ್ನುವವರಿಗೆ ಎಸ್ಎಸ್ಎಲ್‌ಸಿ ಆದೊಡನೆ ಮೂರು ವರ್ಷದ ಡಿಪ್ಲೊಮಾ, ಕುಶಾಲನಗರದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಕುಶಾಲನಗರದಲ್ಲಿದೆ. ಬೇಗ ದುಡಿಮೆಗೆ ಇಳಿಯಬೇಕಾದವರಿಗೆ ಐಟಿಐಯ ಒಂದು ವರ್ಷದ ಕೋಪಾ (ಕಂಪ್ಯೂಟರ್ ಆಪರೇಟರ್) ಕೋರ್ಸ್.

ಕಾಗದಪತ್ರದಲ್ಲಿ ಸೋಲುವ ಮಕ್ಕಳೇ ಹೆಚ್ಚು. ಎಂಜಿನಿಯರಿಂಗ್ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15 ಶೇಕಡ, ಕನ್ನಡ ಮಾಧ್ಯಮಕ್ಕೆ 5; ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ, ಬಿಇಒ ಮೇಲುಸಹಿ ಬೇಕು. ನಾಲ್ಕು ಶಾಲೆ ಬದಲಿಸಿದ ಲೈನ್ ಮನೆ ಮಗುವಿಗೆ ಇದನ್ನು ಪಿಯುಸಿ ಮುಗಿದ ಮೇಲೆ ಓಡಾಡಿ ತರುವುದು ಸಾಧ್ಯವಿಲ್ಲ. 9ನೇ ತರಗತಿಯಲ್ಲೇ ಒಂದು ಫೈಲ್ ಮಾಡಿಸಿ. ಹೊರರಾಜ್ಯದಿಂದ ಬಂದ ಕುಟುಂಬದ ಮಕ್ಕಳು ಇಲ್ಲಿ ಏಳು ವರ್ಷ ಓದಿದ ದಾಖಲೆಯನ್ನೂ ಜೋಪಾನ ಮಾಡಬೇಕು, ಸಿಇಟಿ ಅರ್ಹತೆಗೆ ಅದು ಬೇಕಾಗುತ್ತದೆ. 8ನೇ ತರಗತಿಯವರಿಗೆ ಎನ್ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಕಟ್ಟಿಸಲು ಮರೆಯಬೇಡಿ: ಆಯ್ಕೆಯಾದ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿದ್ದರೆ, 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ.

ಮತ್ತೆ ಎಣಿಸಿ

ಡಿಸೆಂಬರ್ ಕೊನೆಯಲ್ಲಿ ಬೀರುವಿನ ಹಾಳೆ ತೆಗೆಯಿರಿ. ಬಂದವರನ್ನಲ್ಲ, ಬಿಟ್ಟುಹೋದವರನ್ನು ನೋಡಿ. ಯಾವ ವಾರ ನಿಂತರು? ಕಾರ್ಡಿನಿಂದ ಯಂತ್ರಕ್ಕೆ ದಾಟುವ ಐದನೇ ವಾರ ನಿಂತಿದ್ದರೆ ಜೋಡಿ ಬದಲಿಸುವ ಗಂಟೆ ಸರಿಯಾಗಿ ಬಾರಿಸಿಲ್ಲ. ಪುತ್ತರಿ ನಂತರ ನಿಂತಿದ್ದರೆ ಕೊಯ್ಲು ಬೇಗ ಬಂದಿದೆ, ಮುಂದಿನ ವರ್ಷ ಎರಡು ವಾರ ಮೊದಲು ಶುರುಮಾಡಿ. ಕಾರಣವನ್ನು ಅವರನ್ನೇ ಕೇಳಿ, ಎಲ್ಲರ ಮುಂದೆ ಬೇಡ.

ಮುಂದಿನ ವರ್ಷದ 8ನೇ ತರಗತಿಗೆ ಕಾರ್ಡಿನ ಜಾದೂ ತೋರಿಸುವವರನ್ನು ಈಗಿನ ಮಕ್ಕಳಲ್ಲೇ ಆರಿಸಿ, ಹಾಡಿಯ ಒಬ್ಬರು, ಲೈನ್ ಮನೆಯ ಒಬ್ಬರು ಅದರಲ್ಲಿರಲಿ. 36 ಕಾರ್ಡು, ಐದು ರಟ್ಟು, ಎಂಟು ಡಬ್ಬಿಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ, ಬೀಗದ ಕೈ ಅವರಲ್ಲೊಬ್ಬರ ಕೈಗೆ ಕೊಡಿ. ಪೆಟ್ಟಿಗೆಯೊಳಗೆ ಒಂದು ಹಿಡಿ ಒಣ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಡಿ, ಜುಲೈ ದಾಟುವಷ್ಟರಲ್ಲಿ ಕಾರ್ಡುಗಳು ಬೂಷ್ಟು ಹಿಡಿಯಬಾರದಲ್ಲ.